ಒಲೆ ಹಚ್ಚದ ಜನವರಿ ಇಪ್ಪತ್ತಾರು

ಜನವರಿ ಇಪ್ಪತ್ತಾರು ಊರಲ್ಲಿ ಗಣರಾಜ್ಯೋತ್ಸವ, ಇಲ್ಲಿ ಆಸ್ಟ್ರೇಲಿಯಾ ಡೇ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಲ್ಲಿ ಎರಡಕ್ಕೂ ಸೇರಿಸಿ ಕೇಸರಿಬಾತ್ ಮಾಡುತ್ತಿದ್ದೆ. ನಮಗೆ ಸಿಟಿಜನ್‌ಶಿಪ್ ಕೊಟ್ಟದ್ದೂ ಅದೇ ದಿನವಾದ್ದರಿಂದ ಯಜಮಾನರಿಗೆ ಅದು ದೊಡ್ಡ ಹಬ್ಬ.

ಎರಡು ವರ್ಷದ ಹಿಂದೆ ಮಗಳು ತಟ್ಟೆ ಮುಟ್ಟಲಿಲ್ಲ. ಬ್ರಿಟಿಷರು ಬಂದಿಳಿದು ಇಲ್ಲಿನ ಮೂಲನಿವಾಸಿಗಳ ನೆಲ ಕಿತ್ತುಕೊಳ್ಳಲು ಶುರುಮಾಡಿದ ದಿನ ಇದು ಎಂದಳು.

"ನಾವೇನು ಕಿತ್ಕೊಂಡ್ವಾ?" ಇವರು ರೇಗಿದರು.

ಅವಳು ನನ್ನತ್ತ ತಿರುಗಿದಳು. "ನಾನು ಚಿಕ್ಕೋಳಿದ್ದಾಗ ಪಕ್ಕದ್ಮನೆ ಅಂಕಲ್ ತೀರ್ಕೊಂಡ್ರಲ್ಲ, ನೀನು ಸ್ಟವ್ ಹಚ್ಲೇ ಇಲ್ಲ. ನಂಗೆ ಬರೀ ಬ್ರೆಡ್ ಜಾಮ್ ಕೊಟ್ಟೆ. ಆ ಜನಕ್ಕೂ ಇವತ್ತು ಸಾವಿನ ದಿನಾನೇ ಅಮ್ಮ."

ನಿಜ. ನೆರೆಮನೆಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಒಲೆ ಹಚ್ಚಬಾರದೆಂದು ಮೈಸೂರಿನ ವಠಾರದಲ್ಲಿ ಕಲಿತವಳು ನಾನೇ. ಆದರೂ "ಸುಮ್ನೆ ತಿನ್ನೇ" ಎಂದು ಗದರಿದೆ.

ಈಗ ಅವಳಿಗೆ ಮೆಲ್ಬರ್ನ್‌ನಲ್ಲಿ ಕೆಲಸ. ದೀಪಾವಳಿಗೆ ಬರುತ್ತಾಳೆ, ಈ ದಿನಕ್ಕೆ ಮಾತ್ರ ಬರುವುದಿಲ್ಲ. ಈ ಸಲ ಬೆಳಿಗ್ಗೆ ಫೋನ್ ಮಾಡಿದಾಗ ಅಲ್ಲಿ ಮೂಲನಿವಾಸಿಗಳ ಮೆರವಣಿಗೆಯಲ್ಲಿದ್ದಳು. ಏನೇನೋ ಹೇಳಬೇಕೆಂದಿದ್ದೆ. "ತಿಂಡಿ ತಿಂದ್ಯಾ?" ಎಂದಷ್ಟೇ ಕೇಳಿದೆ.

"ಲೇಟರ್, ಅಮ್ಮ." ಗದ್ದಲದಲ್ಲಿ ಫೋನ್ ಕಟ್ಟಾಯಿತು.

ಹುರಿಯಲು ತೆಗೆದಿದ್ದ ರವೆಯನ್ನು ಮತ್ತೆ ಡಬ್ಬಿಗೆ ಸುರಿದೆ. ಮಗಳು ಹಟ ಮಾಡಿ ಹಾಕಿಸಿಕೊಳ್ಳುತ್ತಿದ್ದ ಹಾಗೆ ಬ್ರೆಡ್ಡಿನ ಅಂಚಿನವರೆಗೂ ಜಾಮ್ ಸವರಿ ಮೇಜಿನ ಮೇಲಿಟ್ಟೆ.

ಸ್ನಾನ ಮುಗಿಸಿ ಬಂದ ಇವರು ತಣ್ಣಗಿದ್ದ ಒಲೆ ನೋಡಿದರು, ಬ್ರೆಡ್ಡು ನೋಡಿದರು. ಮುಖ ಬಿಳಚಿಕೊಂಡಿತು.

"ಯಾಕೇ, ಯಾರು ಹೋಗ್ಬಿಟ್ರು?"