ಕುಂತಲ್ಲಿಂದ ಹೊಳೆ ಕಾಣುವ ಮನೆ

ಹಕೀಮರು ಹವಾ ಬದಲಿ ಹೇಳಿದ್ದು ನಮ್ಮ ಅಜ್ಜಿ ಒಬ್ಬಳಿಗೆ. ಹೊರಟು ನಿಂತವರು ಇಪ್ಪತ್ತೆರಡು ಮಂದಿ. ನಾರಾಯಣಪೇಟೆಯ ನಮ್ಮ ಮನೆಯ ಹಿತ್ತಿಲಿಗೆ ಅಂಟಿಕೊಂಡೇ ನಮ್ಮದೊಂದು ಹತ್ತಿ ಗಿರಣಿ ಇತ್ತು. ಅದರ ದೂಳು ಕುಡಿದು ಕುಡಿದು ಅಜ್ಜಿಯ ಎದೆ ಗೊರಗೊರ ಎನ್ನುತ್ತಿತ್ತು. ಹದಿನೈದು ದಿನ ಒಳ್ಳೆ ಗಾಳಿಯಲ್ಲಿ ಇಡಿ ಎಂದು ಹಕೀಮರು ಹೇಳಿದ್ದೇ ತಡ, ಮನೆಯಲ್ಲಿ ಯಾರ ಆರೋಗ್ಯವೂ ನೆಟ್ಟಗಿಲ್ಲ ಎಂಬುದು ಒಮ್ಮೆಲೇ ಬೆಳಕಿಗೆ ಬಂತು. ದೊಡ್ಡಪ್ಪನಿಗೆ ಸೊಂಟ, ಅಪ್ಪನಿಗೆ ಪಿತ್ತ. ಮಕ್ತಲದಲ್ಲಿದ್ದ ದೊಡ್ಡಪ್ಪನ ಬೀಗರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವರಿಗೂ ತಲೆಸುತ್ತು ಶುರುವಾಗಿತ್ತು. ಹತ್ತು ವರ್ಷದ ಹುಡುಗಿ ನನಗೆ ಮಾತ್ರ ಯಾವ ರೋಗವೂ ಇರಲಿಲ್ಲ, ಆದರೂ ಕರೆದುಕೊಂಡು ಹೋದರು. ಬಿಟ್ಟು ಹೋಗಿದ್ದರೆ ಚೆನ್ನಾಗಿರುತ್ತಿತ್ತು.

ರೋಗಿಯನ್ನೂ ಒಂದು ಮಾತು ಕೇಳಬೇಕು ಎಂಬುದು ದೊಡ್ಡಪ್ಪನಿಗೆ ಕೊನೆಗೆ ಹೊಳೆಯಿತು. "ಯವ್ವಾ, ನಿನಗ ಎಂಥಾ ಮನಿ ಬೇಕು ಹೇಳು" ಎಂದ.

"ಕುಂತಲ್ಲಿಂದ ಹೊಳಿ ಕಾಣಬೇಕು ನೋಡಪ್ಪಾ. ಬ್ಯಾರೆ ಏನೂ ಬ್ಯಾಡ" ಎಂದಳು ಅಜ್ಜಿ.

ಅಜ್ಜಿ ಹುಟ್ಟಿದ್ದು ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಒಂಬತ್ತಕ್ಕೆ ಮದುವೆಯಾಗಿ ಪೇಟೆಗೆ ಬಂದವಳು. ತವರಿನ ಕೊನೆಯ ಅಣ್ಣ ತೀರಿದ ಮೇಲೆ ಅವಳನ್ನು ಕರೆಯುವವರೂ ಇರಲಿಲ್ಲ, ಕಳಿಸುವವರೂ ಇರಲಿಲ್ಲ. ನಲವತ್ತು ವರ್ಷ ಹೊಳೆಯ ಮುಖ ನೋಡಿರಲಿಲ್ಲ. ಈಗ ಮೊಣಕಾಲು ಹೋಗಿ, ಹಾಸಿಗೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಸಿಗೆಗೆ, ಅಷ್ಟೇ ನಡಿಗೆ. ಅದಕ್ಕೇ ಕುಂತಲ್ಲಿಂದ ಕಾಣಬೇಕು ಎಂದಿದ್ದು.

ಮನೆ ನೋಡುವ ಮುಆಯಿನಾಕ್ಕೆ, ಅಂದರೆ ತಪಾಸಣೆಗೆ, ದೊಡ್ಡಪ್ಪ, ಅಪ್ಪ, ಮಕ್ತಲದ ಬೀಗರು ಮೂವರೂ ರುಮಾಲು ಸುತ್ತಿಕೊಂಡು ಹೊರಟರು. ಇಪ್ಪತ್ತೆರಡು ಮಂದಿಗೆ ಅಡುಗೆ ಮಾಡಿ ಹಾಕಬೇಕಾದ ಹೆಂಗಸರಲ್ಲಿ ಒಬ್ಬಳನ್ನಾದರೂ ಕರೆದುಕೊಂಡು ಹೋಗಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅಂಥ ಹುಚ್ಚು ವಿಚಾರಗಳು ನಮ್ಮ ಮನೆತನದ ಗಂಡಸರಿಗೆ ಬರುತ್ತಿರಲಿಲ್ಲ.

ಮಕ್ತಲದಲ್ಲಿ ನೋಡಿದ ಮೊದಲ ಮನೆಯ ಧಣಿ ಗಾದಿಯ ಮೇಲೆ ಕೂರಿಸುವ ಬದಲು ಕುರ್ಚಿ ಹಾಕಿದನಂತೆ. ಮರ್ಯಾದೆ ತಿಳಿಯದವನ ಮನೆ ಬೇಡ ಎಂದಾಯಿತು. ಎರಡನೆಯದು ಗದ್ವಾಲದಲ್ಲಿ. ಅಲ್ಲಿಯ ಧಣಿ ಪಾಪ, ಬೀಗದ ಕೈ ಗೊಂಚಲು ಹಿಡಿದು ಒಂದೊಂದೇ ಕೋಣೆ ತೆರೆದು, ಒಲೆ, ಬಚ್ಚಲು, ಬಾವಿ ಎಲ್ಲವನ್ನೂ ತಾನಾಗಿಯೇ ತೋರಿಸಲು ಹೊರಟನಂತೆ. ದೊಡ್ಡಪ್ಪ ಆ ಕಥೆಯನ್ನು ಊರೆಲ್ಲ ಹೇಳಿಕೊಂಡು ತಿರುಗಿದ. "ಮನಿ ಒಳಗಿನ ಒಲಿ ತೋರ್ಸಾಕ ಬರ್ತಾನ್ರೀ! ನಾಚಿಕಿ ಅನ್ನೂದ ಇಲ್ಲ ಅಂವಗ."

ಮೂರನೆಯದು ಧರೂರಿನ ಕಡೆ, ಹೊಳೆ ದಂಡೆಯ ಒಂದು ಹಳ್ಳಿಯಲ್ಲಿದ್ದ ಜಮೀನುದಾರರ ವಾಡೆ. ಧಣಿಗಳು ಇರುವುದು ಗದ್ವಾಲದಲ್ಲಿ, ವಾಡೆ ಖಾಲಿ. ಅವರು ತಾವೇ ಮುಂದಾಗಿ ಬಂದು ಬಾಗಿಲಲ್ಲಿ ಅತ್ತರು ಹಚ್ಚಿ, ಗಾದಿಯ ಮೇಲೆ ಕೂರಿಸಿ, ಶರಬತ್ತು ಕೊಟ್ಟು, ಉರ್ದುವಿನಲ್ಲಿ 'ಇದು ತಮ್ಮದೇ ಮನೆ' ಎಂದರಂತೆ. ದೊಡ್ಡಪ್ಪ ಅಲ್ಲಿಗೆ ಅರ್ಧ ಕರಗಿದ. ಬಾಡಿಗೆಯ ಮಾತು ಎತ್ತಿದರೆ ಕಿವಿ ಮುಚ್ಚಿಕೊಂಡರಂತೆ. ಪೂರ್ತಿ ಕರಗಿದ. ಊಟವಾಗಿ ಎಲೆ ಅಡಿಕೆ ಕೈಗೆ ಬಂದಮೇಲೆ ಧಣಿಗಳು, "ಒಳಗೊಂದು ಸಲ ಕಣ್ಣು ಹಾಯಿಸ್ತೀರೇನ್ರಿ?" ಎಂದು ಕೇಳಿದರು.

"ಛೇ ಛೇ, ಎಂಥ ಮಾತ್ರೀ! ಜನಾನಾದಾಗ ನಾವು ಕಾಲಿಡೂದುಂಟೇನ್ರಿ?" ಎಂದ ದೊಡ್ಡಪ್ಪ.

ಜನಾನಾ ಎಂದರೆ ಹೆಂಗಸರು ಇರುವ ಒಳಮನೆ. ಆ ಒಳಮನೆಯಲ್ಲಿ ಧಣಿಗಳ ತಾಯಿ ತೀರಿಕೊಂಡಾಗಿನಿಂದ ಒಂದು ಹೆಣ್ಣು ಬೆಕ್ಕೂ ಇರಲಿಲ್ಲ. ಆದರೂ ಜನಾನಾ ಜನಾನಾವೇ. ದೊಡ್ಡವರ ಮನೆಯಲ್ಲಿ ಒಳಗೆ ಇಣುಕಿದರೆ ಅವರನ್ನು ನಂಬಲಿಲ್ಲ ಎಂದಂತೆ, ಎಲೆ ಅಡಿಕೆ ಹಿಡಿದಮೇಲೆ ಮನೆ ಬೇಡ ಎಂದರೆ ಅವಮಾನ ಮಾಡಿದಂತೆ. ಹೀಗೆ ಮೂರು ಜನ ಬುದ್ಧಿವಂತರು ಮನೆಯ ಮುಂದಿನ ಅರ್ಧವನ್ನು ನೋಡಿ, ಹಿಂದಿನ ಅರ್ಧವನ್ನು ಗೌರವಿಸಿ ಬಂದರು.

ದೊಡ್ಡಮ್ಮ ಬಾಗಿಲಲ್ಲೇ ಹಿಡಿದುಕೊಂಡಳು. "ಅಡಗಿ ಮನಿ ಹ್ಯಾಂಗೈತ್ರಿ?"

"ಹದಿನಾರು ಕಂಬದ ಬೈಠಕ್ ಐತಿ" ಎಂದ ದೊಡ್ಡಪ್ಪ.

"ನಾ ಕೇಳಿದ್ದು ಅಡಗಿ ಮನಿ."

"ಹದಿನಾರು ಕಂಬದ ಮನಿಗೆ ಅಡಗಿ ಮನಿ ಇರೂದಿಲ್ಲೇನು?"

"ಅತ್ತೆವ್ವಗ ಹೊಳಿ ಕಾಣತೈತೇನ್ರಿ?"

"ಸಪ್ಪಳ ಚಲೋ ಕೇಳತೈತಿ." ಅಷ್ಟು ಹೇಳಿ ದೊಡ್ಡಪ್ಪ ಸೊಂಟ ಹಿಡಿದುಕೊಂಡು ಮಲಗಿದ.

ದೀಪಾವಳಿ ಕಳೆದ ಮೇಲೆ ಹೊರಟೆವು. ಮಕ್ತಲದಲ್ಲಿ ಬೀಗರ ಕಡೆಯವರು ಸೇರಿಕೊಂಡರು, ಹೊಳೆ ಬಂದಾಗ ಬಂಡಿಗಳನ್ನು ಈಚೆಯೇ ಬಿಟ್ಟು ಹರಿಗೋಲು ಹತ್ತಿದೆವು. ಅಜ್ಜಿಯನ್ನು ಇಬ್ಬರು ಎತ್ತಿ ಕೂರಿಸಿದರು. ಆಕೆ ಅಂಚಿನಿಂದ ಕೈ ಇಳಿಬಿಟ್ಟು, ಆಚೆ ದಂಡೆ ಬರುವವರೆಗೂ ನೀರಿನಲ್ಲಿ ಆಡಿಸುತ್ತಲೇ ಇದ್ದಳು. ಶೀತ ಆಗುತ್ತದೆ ಎಂದು ದೊಡ್ಡಪ್ಪ ಎರಡು ಸಲ ಗದರಿದ. ಆಕೆಗೆ ಕೇಳಿಸಲಿಲ್ಲ.

ವಾಡೆಯ ಬೈಠಕ್‌ನಲ್ಲಿ ನಿಜವಾಗಿಯೂ ಹದಿನಾರು ಕಂಬಗಳಿದ್ದವು. ಗಂಡಸರು ಅವನ್ನು ಮತ್ತೊಮ್ಮೆ ಎಣಿಸಿ ಕುಳಿತರು. ನಾವು ಹೆಂಗಸರು ಅಜ್ಜಿಯನ್ನು ಹಿಡಿದುಕೊಂಡು ನಡುಮನೆ ದಾಟಿ, ಅಂಗಳ ದಾಟಿ ಅಡುಗೆಮನೆಗೆ ಹೋದೆವು. ಮೂರು ಒಲೆ ಇದ್ದವು, ಬೀಸುವ ಕಲ್ಲಿತ್ತು, ಅರ್ಧ ಮಾಳಿಗೆ ಇತ್ತು. ಹಿಂದಿನ ಗೋಡೆ ಇರಲಿಲ್ಲ. ಯಾವುದೋ ವರ್ಷದ ನೆರೆಗೆ ಬಿದ್ದಿತ್ತಂತೆ, ಎರಡು ಬಂಡಿ ಜೋಡಿಯಾಗಿ ಹೋಗುವಷ್ಟು ಅಗಲ. ಆ ಬಯಲಿನ ತುಂಬ ಕೃಷ್ಣೆ ಹರಿಯುತ್ತಿದ್ದಳು.

ದೊಡ್ಡಮ್ಮ ತಲೆಯ ಮೇಲೆ ಕೈ ಹೊತ್ತು, "ಒಲಿ ಐತಿ, ಗ್ವಾಡಿನ ಇಲ್ಲಲ್ಲವ್ವಾ! ಹದಿನಾರು ಕಂಬ ಎಣಿಸಾಕ ಬರತೈತಿ, ಒಂದು ಗ್ವಾಡಿ ಎಣಿಸಾಕ ಬರಲಿಲ್ಲ" ಎಂದಳು. ಆಮೇಲೆ ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂತು ಬಿಟ್ಟಿದ್ದಳು. ಕಣ್ಣು ಪಿಳುಕಿಸುತ್ತಿರಲಿಲ್ಲ.

ದೊಡ್ಡಮ್ಮ ಎಲ್ಲರನ್ನೂ ಕೂಡಿಸಿ ಒಂದೇ ಒಂದು ಹುಕುಂ ಹೊರಡಿಸಿದಳು. "ಗ್ವಾಡಿ ಸುದ್ದಿ ಬೈಠಕ್‌ನ್ಯಾಗ ಯಾರೂ ಎತ್ತಬಾರದು."

ಗಂಡಸರಿಗೆ ತಾನಾಗಿಯೇ ತಿಳಿಯುವ ಭಯ ಇರಲಿಲ್ಲ. ಒಳಗೆ ಬೀಗರ ಮನೆಯ ಹೆಂಗಸರಿದ್ದಾರೆ ಎಂದು ನಮ್ಮವರು ಬರುತ್ತಿರಲಿಲ್ಲ, ನಮ್ಮ ಹೆಂಗಸರಿದ್ದಾರೆ ಎಂದು ಬೀಗರು ಬರುತ್ತಿರಲಿಲ್ಲ. ಪೇಟೆಯಲ್ಲಿ ಇದೇ ಹೆಂಗಸರು ಗಿರಣಿಯ ಅಂಗಳದಲ್ಲಿ ಹಮಾಲರ ಮುಂದೆ ಕೂತು ಹತ್ತಿ ಬಿಡಿಸುತ್ತಿದ್ದರು. ಆಗ ಯಾವ ಪರದೆಯೂ ಬೇಕಿರಲಿಲ್ಲ. ಜಮೀನುದಾರರ ವಾಡೆಗೆ ಬಂದಮೇಲೆ ಜಮೀನುದಾರರ ರೀತಿ ರಿವಾಜು. ಇನ್ನು ಹೊಳೆಯ ಕಡೆಯಿಂದ ನೋಡುವುದಂತೂ ದೂರವೇ ಉಳಿಯಿತು. ಹೊಳೆಯ ಗಾಳಿಗೆಂದು ಬಂದ ಗಂಡಸರು ಹೊಳೆಗೆ ಹೋಗಲೇ ಇಲ್ಲ. ತಣ್ಣೀರು ಸೊಂಟಕ್ಕೆ ಆಗದು ಎಂದು ಬಿಸಿನೀರು ಹೊಯ್ದುಕೊಂಡು, ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಪೇಟೆಯಲ್ಲಿ ಆಡುತ್ತಿದ್ದ ಅದೇ ಪಗಡೆಯನ್ನು ಇಲ್ಲಿ ಹದಿನಾರು ಕಂಬಗಳ ನಡುವೆ ಆಡಿದರು.

ಹಿಂದುಗಡೆ ನಾವು ಸ್ವರ್ಗದಲ್ಲಿದ್ದೆವು. ದೊಡ್ಡಮ್ಮ ಸಜ್ಜೆ ರೊಟ್ಟಿ ಬಡಿಯುತ್ತ ಹೊಳೆ ನೋಡುತ್ತಿದ್ದಳು. ಹೊಗೆ ಹೊರಕ್ಕೆ ಹೋಗುತ್ತಿತ್ತು. ಅಜ್ಜಿಯ ಕೆಮ್ಮು ಮೂರನೆಯ ದಿನಕ್ಕೆ ಅರ್ಧಕ್ಕರ್ಧ ಇಳಿಯಿತು. ಒಂದು ಮುಂಜಾನೆ ದಂಡೆಯ ಹತ್ತಿರವೇ ಹರಿಗೋಲು ಹುಟ್ಟು ಹಾಕುತ್ತ ಹೋಗುತ್ತಿದ್ದ ಮುದುಕನೊಬ್ಬನನ್ನು ಅಜ್ಜಿ ತೆಲುಗಿನಲ್ಲಿ ಕೂಗಿ, ಯಾವ ಊರು ಎಂದು ಕೇಳಿದಳು. ಅವನದು ಅಜ್ಜಿಯ ತವರೂರೇ! ಅಜ್ಜಿ ತನ್ನ ಮನೆತನ ಹೇಳಿದಳು. ಮುದುಕ ಹುಟ್ಟು ನಿಲ್ಲಿಸಿ, ಎದ್ದು ನಿಂತು, "ನುವ್ವು ಮಾ ಊರಿ ಆಡಪಡುಚುವಮ್ಮಾ!" ಎಂದು ಕೂಗಿದ. ನೀನು ನಮ್ಮೂರ ಮನೆಮಗಳು ಎಂದು. ಅಂದಿನಿಂದ ದಿನಾ ಆ ಹೊತ್ತಿಗೆ ಅವನು ಬರುವನು, ಕೈ ಬೀಸುವನು. ಅಜ್ಜಿ ಅವನು ಬರುವ ಮೊದಲೇ ತಲೆ ಬಾಚಿಸಿಕೊಂಡು ಕಟ್ಟೆಯ ಮೇಲೆ ಕೂತಿರುವಳು, ಅವನಿಗೆ ಕೈ ಬೀಸುವಳು. ಆ ಮನೆಯಲ್ಲಿ ಆಕೆ ಯಾರಿಗೋ ತಾಯಿ, ಯಾರಿಗೋ ಅತ್ತೆ. ಮನೆಮಗಳು ಎಂದು ಕರೆದವನು ಅವನೊಬ್ಬನೇ.

ಏಳನೆಯ ದಿನ ನಾನು ಬೈಠಕ್‌ಗೆ ಎಲೆ ಅಡಿಕೆ ತಟ್ಟೆ ತೆಗೆದುಕೊಂಡು ಹೋದೆ. "ಅಜ್ಜಿ ಹ್ಯಾಂಗದಾಳಬೇ?" ಎಂದ ದೊಡ್ಡಪ್ಪ. ಚೆನ್ನಾಗಿದ್ದಾಳೆ ಎಂದು ಹೇಳಿ ಬಂದಿದ್ದರೆ ಮುಗಿಯುತ್ತಿತ್ತು. ಬೀಗರೆಲ್ಲ ನನ್ನ ಮುಖ ನೋಡುತ್ತಿದ್ದರು. ನನಗೆ ಶಾಣ್ಯಾಕಿ ಅನ್ನಿಸಿಕೊಳ್ಳುವ ಚಪಲ.

"ಕೆಮ್ಮು ಕಡಿಮಿ ಆಗೈತಿ ದೊಡ್ಡಪ್ಪಾ. ದಿನಾ ಹರಿಗೋಲಿನಂವ ಬಂದು ಅಜ್ಜಿಗೆ ಕೈ ಬೀಸತಾನ!"

ಪಗಡೆ ನಿಂತಿತು. "ಎಲ್ಲಿಂದ ಬೀಸತಾನ?"

"ಹೊಳಿಯಾಗಿಂದ. ಅಡಗಿ ಮನಿಗೆ ಗ್ವಾಡಿ ಇಲ್ಲಲ್ಲ."

ಮುಂದಿನದೆಲ್ಲ ಬಲು ಚುರುಕಾಗಿ ನಡೆಯಿತು. ಮನೆ ಹುಡುಕಲು ಎರಡು ತಿಂಗಳು ತೆಗೆದುಕೊಂಡವರು, ಗೋಡೆ ಕಟ್ಟಿಸಲು ಎರಡೇ ದಿನ ತೆಗೆದುಕೊಂಡರು. ಗದ್ವಾಲಕ್ಕೆ ಆಳು ಓಡಿತು. ಧಣಿಗಳು ನಾಚಿ ನೀರಾಗಿ, ತಮಗೂ ಗೊತ್ತಿರಲಿಲ್ಲವೆಂದು ಕೈ ಮುಗಿದು, ನಾಲ್ವರು ಗೌಂಡಿಗಳನ್ನು ಕಳಿಸಿದರು. ಹೆಂಗಸರನ್ನು ಪರಗಂಡಸರು ನೋಡಬಾರದೆಂದು ಕಟ್ಟುವ ಗೋಡೆಯನ್ನು ಕಟ್ಟಲು ನಾಲ್ಕು ಪರಗಂಡಸರು ಎರಡು ದಿನ ನಮ್ಮ ನಡುವೆಯೇ ಓಡಾಡಿದರು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಅಜ್ಜಿ ಕಟ್ಟೆ ಬಿಟ್ಟು ಏಳಲಿಲ್ಲ. ಮೊದಲ ಸಂಜೆ ಗೋಡೆ ಮೊಣಕಾಲಿನ ಮಟ್ಟಕ್ಕೆ ಬಂತು. ಮರುದಿನ ಆಕೆಯ ಎದೆಯ ಮಟ್ಟಕ್ಕೆ ಬಂದಾಗ ಒಂದು ದಿಂಬು ಕೇಳಿ ಅದರ ಮೇಲೆ ಕೂತಳು. ಇನ್ನೂ ಒಂದು ಸಾಲು ಏರಿದಾಗ ಮತ್ತೊಂದು ದಿಂಬು ಕೇಳಿದಳು. ಮೂರನೆಯ ದಿಂಬು ಕೇಳಲಿಲ್ಲ.

ಕೆಲಸ ಮುಗಿದ ಮೇಲೆ ದೊಡ್ಡಪ್ಪ ಬೀಗಿತ್ತಿಯರನ್ನೆಲ್ಲ ಮರೆಗೆ ಕಳಿಸಿ ಅಂಗಳದವರೆಗೆ ಬಂದ. "ಯವ್ವಾ, ಗಾಳಿ ಬಡೀತಿತ್ತು ನಿನಗ. ಈಗ ಬೆಚ್ಚಗಾತಿಲ್ಲ?"

"ಆತಪ್ಪಾ" ಎಂದಳು ಅಜ್ಜಿ.

ದೊಡ್ಡಪ್ಪ ಕೆಟ್ಟವನಲ್ಲ. ತಾಯಿಯ ಮೇಲೆ ಜೀವ ಇಟ್ಟಿದ್ದವನು. ಆಮೇಲೆ ಎಷ್ಟೋ ವರ್ಷ, ಮನೆಗೆ ಬಂದವರಿಗೆಲ್ಲ ಆ ವಾಡೆಯ ಬಣ್ಣನೆ ಮಾಡಿ, "ನಮ್ಮವ್ವಗ ಕುಂತಲ್ಲಿಂದ ಹೊಳಿ ಕಾಣತಿತ್ತು" ಎಂದು ಮುಗಿಸುತ್ತಿದ್ದ. ಯಾರೂ ಎದುರಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ನಾನು ಎದುರಾಡಲಿ?

ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟಳು. ಅಜ್ಜಿ ಮಾತ್ರ ಬೈಯಲಿಲ್ಲ. ಗೋಡೆ ಎದ್ದ ಮರುಮುಂಜಾನೆ ನನ್ನನ್ನು ಕರೆದು, ಬೀಸುವ ಕಲ್ಲಿನ ಮೇಲೆ ಡಬ್ಬಿ ಇಟ್ಟು ಹತ್ತಿ ನಿಲ್ಲಲು ಹೇಳಿದಳು. "ಏನ್ ಕಾಣತೈತಿ ಹೇಳಬೇ" ಎಂದಳು. ನಾನು ಗೋಡೆಯ ಮೇಲಿನಿಂದ ಇಣುಕಿ, ಕೊಕ್ಕರೆ, ಬಂಡೆ, ನೀರಿನ ಬಣ್ಣ, ಎಲ್ಲ ಹೇಳಿದೆ. ಹರಿಗೋಲು ಬಂತು. ಮುದುಕ ಹೊಸ ಗೋಡೆಯನ್ನು ನೋಡಿದ, ಸ್ವಲ್ಪ ಹೊತ್ತು ನೀರಿನ ಮೇಲೆ ಹಾಗೇ ನಿಂತ, ಹೋದ. ಮರುದಿನವೂ ಬಂದು ನೋಡಿ ಹೋದ. ಮೂರನೆಯ ದಿನ ಬರಲಿಲ್ಲ.

"ಬಂದನೇನು?" ಎಂದಳು ಅಜ್ಜಿ.

ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಬಂದಾನ ಅಜ್ಜಿ. ಕೈ ಬೀಸಾಕತ್ಯಾನ" ಎಂದೆ.

ಅಜ್ಜಿ ಕಟ್ಟೆಯ ಮೇಲೆ ನೆಟ್ಟಗೆ ಕೂತಳು. ತಲೆಗೂದಲು ಸರಿಮಾಡಿಕೊಂಡಳು. ಬಲಗೈ ಎತ್ತಿ, ಇನ್ನೂ ಹಸಿ ಆರದ ಆ ಗೋಡೆಗೆ ನಿಧಾನವಾಗಿ ಕೈ ಬೀಸಿದಳು. ನಾನು ಖಾಲಿ ಹೊಳೆಯ ಕಡೆ ಮುಖ ತಿರುಗಿಸಿ, ಅಳುವುದು ಆಕೆಗೆ ಕೇಳಿಸದ ಹಾಗೆ ಅತ್ತೆ.