ರಾಜನ ಕೊರಳಿನ ಹಾರ

ಹವಾಯಿ ದ್ವೀಪದ ಕೊಹಾಲದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿದ ಕಲೆಹುವಾಳಿಗೆ ಊರಲ್ಲಿ ಹೆದರದವರಿಲ್ಲ. ಮೂಗಿನ ತುದಿಯಲ್ಲೇ ಕೋಪ. ಈಗ ಮೀಸೆ ತಿರುವುವ ಪೊಲೀಸಿನವನೂ ಒಂದು ಕಾಲಕ್ಕೆ ತಟ್ಟೆಯಲ್ಲಿ ಅನ್ನ ಬಿಟ್ಟು ಅವಳಿಂದ ಬೈಸಿಕೊಂಡವನೇ.

ಅಂಥವಳು ವರ್ಷಕ್ಕೆ ಎರಡು ದಿನ ತುಟಿ ಬಿಚ್ಚುತ್ತಿರಲಿಲ್ಲ. ಜೂನ್ ತಿಂಗಳ ಹಬ್ಬಕ್ಕೆ ಊರಿನ ಕಮೆಹಮೆಹಾ ರಾಜನ ಪ್ರತಿಮೆಗೆ ಹದಿನೆಂಟು ಅಡಿಯ ದೇವಕಣಗಿಲೆ ಹಾರ ಪೋಣಿಸುವ ದಿನಗಳವು. ಪೋಣಿಸುವವಳ ಸಿಟ್ಟು ಹೂವಿಗೂ ಹತ್ತುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಹಬ್ಬ ಮುಗಿದು ಹೂ ಬಾಡಿದ ಮೇಲೆ ಎಲ್ಲರ ಹಾರಗಳನ್ನೂ ಅವಳೇ ಇಳಿಸಿಕೊಂಡು, ನೂಲು ಕತ್ತರಿಸಿ, ಹೂಗಳನ್ನು ಮರದ ಬುಡಕ್ಕೆ ಸುರಿಯುತ್ತಿದ್ದಳು. ರಾಜನ ಮೈಮೇಲಿದ್ದದ್ದು ಮಣ್ಣಿಗೇ ಹೋಗಬೇಕು.

ಈ ವರ್ಷ ಹಬ್ಬದ ಸಮಿತಿಗೆ ಹೊಸ ಅಧ್ಯಕ್ಷ ಬಂದಿದ್ದ, ಮಕಾನಿ. ಊರಿನವನೇ, ಹೊನೊಲುಲುವಿನಲ್ಲಿ ಹೋಟೆಲ್ ನೋಡಿಕೊಂಡಿದ್ದು ವಾಪಸಾದವನು. ಹಬ್ಬ ಮುಗಿದ ಮೂರನೆಯ ದಿನ ಬೆಳಿಗ್ಗೆ ಕಲೆಹುವಾ ಹೋಗಿ ನೋಡಿದರೆ ರಾಜನ ಕೊರಳು ಬೋಳು. ಹಾರಗಳೆಲ್ಲ ಸಮಿತಿಯ ಕಟ್ಟಡದ ಹಿಂದೆ ಕಸದ ಚೀಲಗಳಲ್ಲಿದ್ದವು, ಎಂಜಲು ತಟ್ಟೆ, ಹಂದಿಮಾಂಸದ ಜಿಡ್ಡು, ಹಳಸಿದ ಅನ್ನದ ನಡುವೆ. ಹತ್ತು ಗಂಟೆಗೆ ಕಸದ ಲಾರಿ ಬರುವುದಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಹಾರವನ್ನು ಹುಡುಕಿ ಎಳೆದುಕೊಂಡು ನೆಟ್ಟಗೆ ಸಮಿತಿಯ ಸಭೆಗೆ ನುಗ್ಗಿದಳು.

"ಯಾರು ಹೇಳಿದ್ದು ಇದನ್ನ ಕಸಕ್ಕೆ ಹಾಕೋಕೆ?"

"ನಾನೇ ಆಂಟಿ," ಎಂದ ಮಕಾನಿ. "ಬಾಡಿದ ಹೂವಿಗೆ ನೊಣ ಮುತ್ತುತ್ತೆ. ಬಂದೋರು ಫೋಟೋ ತೆಗೀತಾರೆ, ಚೆನ್ನಾಗಿರಲ್ಲ. ಅದಕ್ಕೇನೀಗ?"

ನೊಣಕ್ಕೆ ಹೆದರುವವನು ರಾಜನ ಸೇವೆಗೆ ಯಾಕೆ ಬರಬೇಕೋ.

"ಏನಿಲ್ಲಪ್ಪ. ಹೊಸ ಅಧ್ಯಕ್ಷ, ನಿಂಗಿನ್ನೂ ಹಾರಾನೇ ಹಾಕಿಲ್ಲ ನಾನು."

ಜಿಡ್ಡು ತೊಟ್ಟಿಕ್ಕುತ್ತಿದ್ದ ಹಾರವನ್ನು ಅವನ ಇಸ್ತ್ರಿ ಅಂಗಿಯ ಮೇಲೆ ಮೂರು ಸುತ್ತು ಹಾಕಿದಳು. ಪದ್ಧತಿಯಂತೆ ಕೆನ್ನೆಗೊಂದು ಮುತ್ತನ್ನೂ ಕೊಟ್ಟಳು. ಅವನ ಕೈ ತಟ್ಟನೆ ಕೊರಳಿಗೆ ಹೋಯಿತು.

"ಮಕಾನಿ," ಎಂದಳು ಮೂಲೆಯಲ್ಲಿ ಕೂತಿದ್ದ ಅವನ ತಾಯಿ. "ಕೈ ಕೆಳಗಿಳಿಸು."

ಇಳಿಸಿದ. ಕೊಟ್ಟ ಹಾರವನ್ನು ನಮ್ಮಲ್ಲಿ ಬೇಡವೆನ್ನುವಂತಿಲ್ಲ. ಹಾಕಿದವರ ಕಣ್ಣೆದುರಿಗೇ ತೆಗೆಯುವುದೆಂದರೆ ಅವರ ಮುಖಕ್ಕೆ ಉಗಿದಂತೆ. ಅಷ್ಟನ್ನು ಅವನೂ ಮರೆತಿರಲಿಲ್ಲ. ಸಭೆಯಲ್ಲಿ ಯಾರೂ ನಗಲಿಲ್ಲ. ಪಕ್ಕದವನು ಮಾತ್ರ ಕುರ್ಚಿಯನ್ನು ಸ್ವಲ್ಪ ದೂರ ಸರಿಸಿಕೊಂಡ.

"ಇನ್ನುಳಿದ ಹಾರ ಹಿಂದ್ಗಡೆ ಇವೆ," ಎಂದಳು ಕಲೆಹುವಾ. "ಲಾರಿ ಬರೋಕೆ ಮುಂಚೆ ಏಳು."

ಚೀಲಗಳನ್ನು ಅವನೇ ಬಿಚ್ಚಿದ. ಎಂಜಲಿನೊಳಕ್ಕೆ ಮೊಣಕೈವರೆಗೆ ಕೈ ಹಾಕಿ ಒಂದೊಂದೇ ಹಾರ ತೆಗೆದ. ಲಾರಿ ಬಂದು ಹಾರನ್ ಹೊಡೆದು ಹೊಡೆದು ಎಂಜಲನ್ನಷ್ಟೇ ತುಂಬಿಕೊಂಡು ಹೋಯಿತು. ಅವನು ಬಿಸಿಲಲ್ಲಿ ಕೂತು ನೂಲು ಕತ್ತರಿಸಿದ, ಹೂ ಹೊತ್ತು ಮರದ ಬುಡಕ್ಕೆ ಸುರಿದ. ಕಲೆಹುವಾ ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದಳು, ಒಂದು ಹಾರಕ್ಕೂ ಕೈ ಹಚ್ಚಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನ ಕೊರಳ ಸುತ್ತ ನೊಣ ಗುಂಯ್‌ಗುಟ್ಟುತ್ತಿದ್ದವು.

"ಎಲ್ಲ ಮುಗೀತು ಆಂಟಿ. ಈಗ ಇದನ್ನ ತೆಗೀಲಾ?"

"ನಾನಿನ್ನೂ ಇಲ್ಲೇ ಇದ್ದೀನಲ್ಲೋ," ಎಂದಳು ಕಲೆಹುವಾ.