ಹೂವಿಗಿಂತ ಮುಂಚೆ ಬಂದ ದಿನಾಂಕ

ತಾಳವಾಡಿ ಬೆಟ್ಟದ ನಮ್ಮೂರಿನ ಶಿವಾಲಯಕ್ಕೆ ವೆಬ್‌ಸೈಟು ಬೇಕೆಂದು ಧರ್ಮದರ್ಶಿಗಳು ಹೊರಟಾಗ, ಅದು ಸ್ಟ್ಯಾಟಿಕ್ ಆಗಿರಬೇಕೋ ಡೈನಾಮಿಕ್ ಆಗಿರಬೇಕೋ ಎಂದು ತೀರ್ಮಾನಿಸುವ ಹೊಣೆ ನನ್ನ ಮೇಲೆ ಬಿತ್ತು. ಕ್ಷೇತ್ರದ ಚರಿತ್ರೆಯನ್ನು ಬರೆದುಕೊಡುವವನು ನಾನೇ ಆದುದರಿಂದ, ಅದನ್ನೂ ನಾನೇ ಹೇಳಲಿ ಎಂದರು.

ತಾಳವಾಡಿ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಹೆಣ್ಣುಮಗಳು ಎರಡರ ಭೇದವನ್ನು ತಾಳ್ಮೆಯಿಂದ ವಿವರಿಸಿದಳು. ಸ್ಟ್ಯಾಟಿಕ್ ಬರೆದಿಟ್ಟಂತೆಯೇ ಇರುತ್ತದೆ. ಒಂದಕ್ಷರ ಬದಲಿಸಬೇಕಾದರೂ ಅವಳೇ ಪುಟವನ್ನು ತಿದ್ದಬೇಕು. ಡೈನಾಮಿಕ್ ಒಳಗಿನ ಲೆಕ್ಕದಿಂದ ತಾನೇ ಹೊಸದಾಗುತ್ತದೆ. ಮಾದರಿಗೆಂದು ಅದನ್ನೇ ಮಾಡಿ ತೋರಿಸಿದಳು. ದೇವರ ಚಿತ್ರದ ಕೆಳಗೆ ಈ ವರ್ಷದ ಉತ್ಸವದ ದಿನ ಆಗಲೇ ಮೂಡಿತ್ತು.

“ಇದನ್ನ ಯಾರಮ್ಮ ಹೇಳಿದರು?”

“ಯಾರೂ ಏಳಿಲ್ಲ ಬುದ್ಧಿ. ಪಂಚಾಂಗ ನೋಡ್ಕಂಡು ಅದೇ ಆಕ್ಕತದೆ. ನೀವು ಮುಟ್ಟೋದೇ ಬ್ಯಾಡ.”

ಮುಟ್ಟಬೇಕಾಗಿಲ್ಲ ಎಂಬ ಮಾತೇ ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಉತ್ಸವದ ದಿನವನ್ನು ಪಂಚಾಂಗ ನಿಶ್ಚಯಿಸುವುದಿಲ್ಲ. ಒಂದು ದಿನವನ್ನು ಮನಸ್ಸಿನಲ್ಲಿಟ್ಟು, ಲಿಂಗದ ಎರಡೂ ಪಕ್ಕಕ್ಕೆ ಒದ್ದೆ ಹೂವಿರಿಸಿ, ದೇವರನ್ನು ಕೇಳುತ್ತೇವೆ. ಬಲದ ಹೂ ಬಿದ್ದರೆ ಅಪ್ಪಣೆ. ಎಡದ್ದು ಬಿದ್ದರೆ ಬೇರೆ ದಿನ. ಎಡದ್ದು ಬಿದ್ದ ವರ್ಷಗಳನ್ನು ನಾನು ಕಂಡಿದ್ದೇನೆ. ಉತ್ತರ ಮೊದಲೇ ಪ್ರಕಟವಾದರೆ ಆ ಪ್ರಶ್ನೆಗೆ ಏನು ಉಳಿದೀತು?

ಇದನ್ನೇ ಹೇಳಿದಾಗ ಧರ್ಮದರ್ಶಿಗಳು ನಕ್ಕರು. “ಊ ಕೇಳ್ಬ್ಯಾಡಿ ಅಂದೋರ್ಯಾರು ಬುದ್ಧಿ? ತಿರುಪ್ಪೂರಲ್ಲಿರೋ ನಮ್ಮ ಜನ ಲೀವು ಕೇಳ್ಬೇಕಲ್ಲ. ಸಾಮಿಗೂ ವಸಿ ಮುಂಚೇನೆ ಗೊತ್ತಾಗ್ಲಿ ಬುಡಿ.”

ಮಾದರಿಯ ಪುಟ ಯಾರ ಫೋನಿನಿಂದಲೋ ಊರೂರು ಸುತ್ತಿತು. ಗೆಟ್ಟವಾಡಿಯ ನೆಂಟರು ಆ ದಿನಕ್ಕೆ ಬರುವುದಾಗಿ ತಿಳಿಸಿದರು. ಶಾಮಿಯಾನದವನು ಆ ದಿನವನ್ನು ನಮಗೆಂದೇ ಕಾದಿರಿಸಿದ. ಹೂ ಕೇಳುವ ಸೋಮವಾರ ಬಂದಾಗ, ಧರ್ಮದರ್ಶಿಗಳು ಕೇಳಿಸಿದ್ದೂ ಅದೇ ದಿನವನ್ನು.

ಅರ್ಚಕರೂ ನಾನೂ ಒಬ್ಬರೇ ಗುರುಗಳಲ್ಲಿ ರುದ್ರಪಾಠ ಕಲಿತವರು. ಅವರು ಹೂವಿರಿಸಿ ಕೈ ಹಿಂದೆಗೆದರು. ಬಾಲ್ಯದಿಂದಲೂ ಆ ಹೊತ್ತಿನಲ್ಲಿ ನನ್ನ ದೃಷ್ಟಿ ಲಿಂಗವನ್ನು ಬಿಟ್ಟು ಕದಲಿದ್ದಿಲ್ಲ. ಅಂದು ಅದು ಅವರ ಬೆರಳುಗಳನ್ನು ಕಾಯುತ್ತಿತ್ತು. ಬಲದ ಹೂವನ್ನು ಸಡಿಲವಾಗಿ ಇಟ್ಟರೇ? ಎಡದ್ದನ್ನು ತುಸು ಒತ್ತಿದರೇ?

ಬಲದ ಹೂ ಬಿತ್ತು. ಎಲ್ಲರೂ ಕೈಮುಗಿದರು, ನಾನು ಮುಗಿದದ್ದು ಕಡೆಯಲ್ಲಿ.

ತೀರ್ಥ ಕೊಡುವಾಗ ಅರ್ಚಕರು ಮೆಲ್ಲಗೆ, “ಇವತ್ತು ನೀನು ಸಾಮಿ ಮೊಕ ನೋಡ್ನಿಲ್ಲ ಕಣ. ನನ್ ಕೈ ನೋಡ್ತಿದ್ದೆ,” ಎಂದರು. ನಾನು ತೀರ್ಥ ಕುಡಿದು ಒದ್ದೆ ಕೈಯನ್ನು ತಲೆಗೆ ಸವರಿಕೊಂಡೆ.

ಹೊರಗೆ ಧರ್ಮದರ್ಶಿಗಳು, “ನೋಡುದ್ರಾ? ಪಂಚಾಂಗ, ಊ, ಎರಡೂ ಒಂದೇ ಏಳ್ತು. ಇನ್ಯಾತರ ಅನುಮಾನ?” ಎಂದರು.

ಅನುಮಾನ ಈಗ ಯಾರ ಮೇಲೆ ಎಂದು ಅವರಿಗೆ ಹೇಳುವಂತಿರಲಿಲ್ಲ. ಸ್ಟ್ಯಾಟಿಕ್ ಸಾಕು ಎಂದೆ. ಇಂದು ಆ ಪುಟದಲ್ಲಿ ಚರಿತ್ರೆಯಿದೆ, ಪೂಜೆಯ ವೇಳೆಯಿದೆ, ಬರುವ ದಾರಿಯಿದೆ. ಉತ್ಸವದ ದಿನಕ್ಕೆ ದೂರದವರು ಅರ್ಚಕರಿಗೇ ಫೋನು ಮಾಡುತ್ತಾರೆ. ಮುಂದಿನ ಸಲ ಹೂ ಕೇಳುವಾಗ ನನ್ನ ಕಣ್ಣು ಎಲ್ಲಿ ನಿಲ್ಲುವುದೋ, ಅದನ್ನು ಮಾತ್ರ ನಾನು ಬಲ್ಲೆನೆನ್ನಲಾರೆ.